ಪೈಪು ತಂದ್ರಿ, ಮೀಟರು ಎಲ್ಲಿ ಬಿಟ್ರಿ?

ಹೋದ ತಿಂಗಳು ಬಳ್ಳಾರಿಯಲ್ಲಿ ಒಂದು ಸಭೆ ಇತ್ತು. ರೈತರಿಗೆ ಮಾಹಿತಿ ಕೊಡೋ ಕಾರ್ಯಕ್ರಮ ಅಂತ ಬ್ಯಾನರ್ ಕಟ್ಟಿದ್ರು. "ಇಸ್ರೇಲ್‌ನಲ್ಲಿ ನೆಲೆಸಿದ್ದ ಸಿರುಗುಪ್ಪ ತಾಲೂಕಿನ ಹೆಮ್ಮೆಯ ಇಂಜಿನಿಯರ್" ಅಂತ ಹೇಳಿ ನನ್ನನ್ನೂ ಕರೆದು ಶಾಲು ಹೊದಿಸಿದ್ರು. ನೆಲೆಸೋದೇನು ಬಂತು, ಕಂಪನಿ ಕೆಲಸಕ್ಕೆ ಕಳಿಸಿತ್ತು, ಒಂದೂವರೆ ವರ್ಷ ಹೈಫಾ ಊರಲ್ಲಿ ಇದ್ದು ಬಂದೆ. ನನಗೂ ಒಕ್ಕಲುತನಕ್ಕೂ ಇರೋ ಸಂಬಂಧ ಅಂದ್ರೆ ನಮ್ಮಪ್ಪ. ಅವರು ಕೊನೇ ಸಾಲಿನಲ್ಲಿ ಟವಲ್ ಮಡಚಿ ತೊಡೆ ಮೇಲೆ ಇಟ್ಕೊಂಡು ಕೂತಿದ್ರು. ಮಗ ವೇದಿಕೆ ಮೇಲೆ ಕೂರೋದನ್ನ ನೋಡೋಕೆ ಬೆಳಿಗ್ಗೆ ಆರರ ಬಸ್ಸಿಗೆ ಹತ್ತಿ ಬಂದಿದ್ರು.

ನನಗಿಂತ ಮೊದಲು ಮಾತಾಡಿದವರೊಬ್ಬರು ಹತ್ತು ದಿನದ ಅಧ್ಯಯನ ಪ್ರವಾಸ ಮುಗಿಸಿ ಬಂದವರು. ಮೈಕ್ ಹಿಡಿದು ಹೇಳಿದ್ರು: "ಅಲ್ಲಿ ಮರುಭೂಮಿಯಲ್ಲಿ ಬಂಗಾರ ಬೆಳೀತಾರೆ. ನಮ್ಮಲ್ಲಿ ತುಂಗಭದ್ರೆ ಮನೆ ಮುಂದೆ ಹರೀತಾಳೆ, ನಮ್ಮ ರೈತ ಕಟ್ಟೆ ಮೇಲೆ ಕೂತು ಬೀಡಿ ಸೇದ್ತಾನೆ. ಸೋಮಾರಿತನ ಬಿಟ್ರೆ ನಾವೂ ಇಸ್ರೇಲ್ ಆಗ್ತೀವಿ." ಜನ ಚಪ್ಪಾಳೆ ಹೊಡೆದ್ರು. ಬೈಸಿಕೊಂಡವರೇ ಹೊಡೆದ್ರು, ಅದು ನನಗೆ ಈಗಲೂ ಅರ್ಥ ಆಗಿಲ್ಲ. ನಮ್ಮಪ್ಪ ಹೊಡೀಲಿಲ್ಲ. ಹೊಡೆದಿದ್ರೆ ನಾನು ಈ ಲೇಖನ ಬರೀತಿರಲಿಲ್ಲ ಅನ್ಸುತ್ತೆ.

ನನಗೆ ಹತ್ತು ನಿಮಿಷ ಅಂದಿದ್ರು. ನಾಲ್ಕನೇ ನಿಮಿಷಕ್ಕೆ ಚೀಟಿ ಬಂತು, ಊಟಕ್ಕೆ ಹೊತ್ತಾಗಿದೆ ಅಂತ. ಉಳಿದ ಆರು ನಿಮಿಷದ್ದು ಇಲ್ಲಿ ಬರೀತೀನಿ. ಆರು ನಿಮಿಷಕ್ಕಿಂತ ಹೆಚ್ಚಾದ್ರೆ ಸಹಿಸ್ಕೊಳ್ರಿ.

ಮೊದಲು ನಾನು ಅಲ್ಲಿ ಹೆಂಗಿದ್ದೆ ಅನ್ನೋದು. ಹೈಫಾ ಅಂದ್ರೆ ಕಾರ್ಮೆಲ್ ಗುಡ್ಡದ ಮೈಮೇಲೆ ಹತ್ತಿರೋ ಊರು. ಕೆಳಗೆ ಬಂದರು, ಮೇಲೆ ಮನೆಗಳು, ನಡುವೆ ಮೆಟ್ಟಿಲೋ ಮೆಟ್ಟಿಲು. ಭಾನುವಾರ ಆಫೀಸು, ಶುಕ್ರವಾರ-ಶನಿವಾರ ರಜೆ. ಶುಕ್ರವಾರ ಮಧ್ಯಾಹ್ನ ಆಯ್ತಂದ್ರೆ ಅಂಗಡಿ ಮುಚ್ಚುತ್ತವೆ, ದೇಶದ ಬಹುಪಾಲು ಊರಲ್ಲಿ ಬಸ್ಸೂ ನಿಲ್ಲುತ್ತೆ, ಶನಿವಾರ ಸಂಜೆ ತನಕ ಶಬ್ಬಾತ್. ಹೈಫಾದಲ್ಲಿ ಯಹೂದಿ-ಅರಬ್ ಎರಡೂ ಜನ ಇರೋದಕ್ಕೋ ಏನೋ ಶನಿವಾರವೂ ಒಂದಿಷ್ಟು ಬಸ್ಸು ಓಡುತ್ತವೆ, ಅದೇ ನಮ್ಮಂಥವರ ತಿರುಗಾಟಕ್ಕೆ ಆಧಾರ. ವಾದಿ ನಿಸ್ನಾಸ್ ಅಂತ ಅರಬ್ಬರ ಓಣಿ ಇದೆ, ಅಲ್ಲಿ ಫಲಾಫೆಲ್ ತಿಂತಿದ್ದೆ. ನಮ್ಮ ಮಸಾಲೆ ವಡೆಗೆ ದೂರದ ತಮ್ಮ ಅನ್ನಬಹುದು, ಆದ್ರೆ ಬಳ್ಳಾರಿಯ ಒಗ್ಗರಣೆ-ಮಿರ್ಚಿ ಜಾಗಕ್ಕೆ ಯಾವುದೂ ಬರಲಿಲ್ಲ.

ಮನೆ ಮಾಲಕಿ ಎಂಬತ್ತು ದಾಟಿದ ಅಜ್ಜಿ. ಅಜ್ಜಿಯನ್ನ ನೋಡಿಕೊಳ್ಳೋಕೆ ಇದ್ದವರು ನಮ್ಮ ಉಡುಪಿ ಕಡೆಯ ಅಕ್ಕ. ಕರಾವಳಿಯಿಂದ ಈ ಕೆಲಸಕ್ಕೆ ಹೋದವರು ಅಲ್ಲಿ ಬಹಳ ಜನ ಇದ್ದಾರೆ. ನಾನು ಸೇರಿದ ಮೊದಲ ವಾರ ಅಕ್ಕ ಬಾಗಿಲು ಬಡಿದು ಕೇಳಿದ್ರು: "ನಿಮ್ಮ ಪೋರ್ಶನ್‌ನಲ್ಲಿ ಎಷ್ಟು ಜನ ಅಂತ ಬರೆದು ಕೊಡಬೇಕಂತೆ ಮಾರಾಯ್ರೆ, ನೀರಿನ ಬಿಲ್ಲಿಗೆ." ನನಗೆ ರೇಷನ್ ಕಾರ್ಡ್ ನೆನಪಾಯ್ತು. ಅದು ಹೆಚ್ಚುಕಮ್ಮಿ ಅದೇನೇ. ಒಬ್ಬ ಮನುಷ್ಯನಿಗೆ ತಿಂಗಳಿಗೆ 3.5 ಘನ ಮೀಟರ್ ನೀರು ಕಡಿಮೆ ದರದಲ್ಲಿ. ಅಂದ್ರೆ 3,500 ಲೀಟರ್, ದಿನಕ್ಕೆ ಸುಮಾರು 115. ಅದರ ಮೇಲೆ ಒಂದು ಕೊಡ ಬಳಸಿದ್ರೂ ಏರಿದ ದರ. ಎರಡು ತಿಂಗಳಿಗೊಮ್ಮೆ ಬಿಲ್ಲು. ಪುಣೆಯ ಗೆಳೆಯನೊಬ್ಬ ಬಂದು ಮೂರು ವಾರ ಇದ್ದ, ನಮ್ಮ ಪದ್ಧತಿಯಂತೆ ದಿನಕ್ಕೆರಡು ಸ್ನಾನ. ಆ ಸಲದ ಬಿಲ್ ನೋಡಿ ನಾನು ಅವನಿಗೆ ಫೋನ್ ಮಾಡಿ ಬೈದೆ. ಅಜ್ಜಿ ಶವರ್ ಕೆಳಗೆ ಬಕೆಟ್ ಇಡ್ತಿದ್ರು, ಬಿಸಿನೀರು ಬರೋ ತನಕ ಬೀಳೋ ತಣ್ಣೀರು ಗಿಡಕ್ಕೆ ಹಾಕೋಕೆ. ದುಡ್ಡಿಲ್ಲದವರೇನಲ್ಲ ಅಜ್ಜಿ. ಬಿಲ್ಲು ಬರುತ್ತೆ, ಅಷ್ಟೇ.

ಸೋಮಾರಿತನದ ಪ್ರಶ್ನೆ ಬಂದಾಗ ನನಗೆ ಮೊದಲು ಕಣ್ಣಿಗೆ ಕಟ್ಟೋದು ಆ ಬಕೆಟ್ಟು. ಅದನ್ನ ಅಲ್ಲಿ ಇಡಿಸಿದ್ದು ಮೀಟರು. ಯಹೂದಿ ರಕ್ತದಲ್ಲೇನೋ ವಿಶೇಷ ಇದೆ ಅಂತ ಭಾಷಣ ಮಾಡೋರು ಆ ಮೀಟರ್ ಓದೋದೇ ಇಲ್ಲ.

ಹೋಗಿ ಕೆಲವು ತಿಂಗಳಾದ ಮೇಲೆ ಒಂದು ಶನಿವಾರ ಕಿನ್ನೆರೆತ್ ನೋಡೋಕೆ ಹೋದೆ. ಬೈಬಲ್ ಓದಿದವರಿಗೆ ಗಲಿಲಾಯ ಸಮುದ್ರ ಅಂದ್ರೆ ಗೊತ್ತಾಗುತ್ತೆ. ಸಮುದ್ರ ಅನ್ನೋ ಹೆಸರಷ್ಟೇ, ಸಿಹಿನೀರಿನ ಕೆರೆ. ಆ ದೇಶದ ಪತ್ರಿಕೆ, ರೇಡಿಯೋದಲ್ಲಿ ಇದರ ಮಟ್ಟ ಎಷ್ಟು ಅಂತ ಹೇಳ್ತಾನೇ ಇರ್ತಾರೆ. ಮೇಲೊಂದು ಕೆಂಪು ಗೆರೆ, ಸಮುದ್ರಮಟ್ಟಕ್ಕಿಂತ 208.80 ಮೀಟರ್ ಕೆಳಗೆ, ಅದು ತುಂಬಿದಾಗ. ಕೆಳಗೊಂದು ಕೆಂಪು ಗೆರೆ, 213 ಮೀಟರ್ ಕೆಳಗೆ. ಅದಕ್ಕೂ ಕೆಳಗೆ ಒಂದು ಕಪ್ಪು ಗೆರೆ. ನಾನಿದ್ದಾಗ ಬರಗಾಲ, ನೀರು ಕೆಳಗಿನ ಕೆಂಪು ಗೆರೆಯನ್ನೂ ದಾಟಿ ಇಳೀತು. ದಂಡೆಯಲ್ಲಿ ಕೂತು ಅಪ್ಪನಿಗೆ ಫೋನ್ ಮಾಡಿದೆ. ಕೆರೆ, ದೋಣಿ, ಮೀನು ಎಲ್ಲಾ ವರ್ಣಿಸಿದೆ. ಅವರು ಕೇಳಿದ್ದು ಒಂದೇ.

"ಅಲ್ಲಿ ಮಟ್ಟ ಎಷ್ಟೈತಿ ತಮ್ಮಾ?"

ಹೇಳಿದೆ. "ಇಲ್ಲೂ ಅಂಗೇ ಐತಿ. ಡ್ಯಾಮ್ ತುಂಬಲಿಲ್ಲ," ಅಂದ್ರು.

ನಮ್ಮ ಕಡೆ ಹುಟ್ಟಿದ ಹುಡುಗರಿಗೆ 1633 ಅನ್ನೋ ಸಂಖ್ಯೆ ಮಗ್ಗಿಗಿಂತ ಮೊದಲು ಬರುತ್ತೆ. ತುಂಗಭದ್ರಾ ಡ್ಯಾಮಿನ ಪೂರ್ಣ ಮಟ್ಟ, ಅಡಿ ಲೆಕ್ಕದಲ್ಲಿ. ಮಳೆಗಾಲದಲ್ಲಿ ದಿನಾ ಪೇಪರಿನ ಒಳಪುಟ ತೆಗೆದು ಒಳಹರಿವು, ಹೊರಹರಿವು ನೋಡೋದು ನಮ್ಮಪ್ಪನ ಜಪ. ಹೊಸಪೇಟೆಯ ಹತ್ತಿರ 1953ರಲ್ಲಿ ನೀರು ನಿಲ್ಲಿಸಿದಾಗ ಅದರ ಹೊಟ್ಟೆ 133 ಟಿಎಂಸಿ. ಹೂಳು ತುಂಬಿ ಈಗ ಲೆಕ್ಕಕ್ಕೆ ಹಿಡಿಯೋದು ನೂರರ ಆಸುಪಾಸು. ಮೂವತ್ತು ಟಿಎಂಸಿ ಆಸುಪಾಸಿನ ಜಾಗ ಮಣ್ಣಾಗಿದೆ. ಹಂಗಂತ ಈ ಲೇಖನ ಹೂಳಿನ ಬಗ್ಗೆ ಅಲ್ಲ, ಅದಕ್ಕೆ ಬೇರೇನೇ ಬರೀಬೇಕು.

2017ರ ಜುಲೈನಲ್ಲಿ ನಮ್ಮ ಪ್ರಧಾನಿ ಅಲ್ಲಿಗೆ ಬಂದ್ರು. ಇಸ್ರೇಲಿಗೆ ಹೋದ ಮೊದಲ ಭಾರತೀಯ ಪ್ರಧಾನಿ. ಹೈಫಾದಲ್ಲಿರೋ ಭಾರತೀಯ ಸೈನಿಕರ ಸ್ಮಶಾನಕ್ಕೂ ಹೋದ್ರು. 1918ರ ಸೆಪ್ಟೆಂಬರ್ 23ರಂದು ತುರ್ಕರ ಕೈಯಿಂದ ಹೈಫಾ ಬಿಡಿಸಿದ ಕುದುರೆ ಪಡೆಯಲ್ಲಿ ಜೋಧಪುರದವರ ಜೊತೆ ನಮ್ಮ ಮೈಸೂರು ಲ್ಯಾನ್ಸರ್ಸ್ ಕೂಡ ಇದ್ರು. ಆ ಯುದ್ಧದ ತುರ್ಕಿ ಕೈದಿಗಳನ್ನ ತಂದು ಇಟ್ಟ ಊರುಗಳಲ್ಲಿ ಬಳ್ಳಾರಿಯೂ ಒಂದು. ಈ ಎರಡು ಊರಿನ ಸಂಬಂಧ ಹಳೇದು ಅಂತ ಆಫೀಸಲ್ಲಿ ಹೇಳಿದ್ರೆ ಯಾರೂ ನಂಬಲಿಲ್ಲ, ಇರ್ಲಿ. ಅದೇ ದಿನ ಓಲ್ಗಾ ಬೀಚಿನಲ್ಲಿ ಇಬ್ಬರು ಪ್ರಧಾನಿಗಳು ಬರಿಗಾಲಲ್ಲಿ ನಿಂತು, ಸಮುದ್ರದ ನೀರು ಸಿಹಿ ಮಾಡೋ ಜೀಪು ನೋಡಿದ ಫೋಟೊ ಬಂತು. ನನ್ನ ವಾಟ್ಸಾಪ್‌ಗೆ ಆ ಫೋಟೊ ಇಪ್ಪತ್ತು ಸಲ ಬಂದಿದೆ. ಕೆಳಗೆ ಬರಹ: "ನಮ್ಮ ರೈತರು ಯಾವಾಗ ಕಲೀತಾರೆ?" ಜೀಪು ನೋಡಿ ರೈತ ಏನು ಕಲೀಬೇಕು ಅಂತ ಒಬ್ಬರೂ ಬರೆದಿರಲಿಲ್ಲ.

ಓಲ್ಗಾ ಪಕ್ಕದಲ್ಲೇ ಹಡೇರಾ. ಹೈಫಾದಿಂದ ಟೆಲ್ ಅವೀವ್‌ಗೆ ರೈಲಲ್ಲಿ ಹೋಗುವಾಗ ಅಲ್ಲಿನ ವಿದ್ಯುತ್ ಕೇಂದ್ರದ ಚಿಮಣಿಗಳು ಕಾಣುತ್ತವೆ, ಅದಕ್ಕೆ ಅಂಟಿಕೊಂಡೇ ಸಮುದ್ರದ ನೀರು ಸಿಹಿ ಮಾಡೋ ಕಾರ್ಖಾನೆ. ಅಶ್ಕೆಲೋನ್ 2005ರಲ್ಲಿ, ಹಡೇರಾ 2009ರಲ್ಲಿ, ಸೋರೆಕ್ 2013ರಲ್ಲಿ. ಈಗ ಮನೆಗಳಿಗೆ ಹೋಗೋ ನೀರಲ್ಲಿ ದೊಡ್ಡ ಪಾಲು ಇವುಗಳದ್ದು. ಕೆಂಪು ಗೆರೆ ದಾಟಿ ಕೆರೆ ಇಳಿದ್ರೂ ನಮ್ಮ ಅಜ್ಜಿಯ ನಲ್ಲಿ ನಿಲ್ಲದೇ ಇದ್ದದ್ದು ಅದಕ್ಕೇ. ಸಮುದ್ರ ಬೇಕು, ಕರೆಂಟು ಬೇಕು, ಕೋಟಿಗಟ್ಟಲೆ ರೊಕ್ಕ ಬೇಕು. ಸಿರುಗುಪ್ಪಕ್ಕೆ ಸಮುದ್ರ ಎಲ್ಲಿಂದ ತರೋಣ?

ಡ್ರಿಪ್ ಬಗ್ಗೆ ಹೇಳದೆ ಹೋದ್ರೆ ಶಾಲು ಹೊದಿಸಿದವರಿಗೆ ಬೇಜಾರಾಗುತ್ತೆ. ದಕ್ಷಿಣದ ನೆಗೆವ್ ಮರುಭೂಮಿಯಲ್ಲಿ ಹಟ್ಸೆರಿಮ್ ಅನ್ನೋ ಕಿಬ್ಬುಟ್ಸ್ ಇದೆ. ಸಿಮ್ಖಾ ಬ್ಲಾಸ್ ಅನ್ನೋ ನೀರಾವರಿ ಇಂಜಿನಿಯರ್ ಜೊತೆ ಸೇರಿ 1965ರಲ್ಲಿ ಅವರು ನೆಟಾಫಿಮ್ ಶುರು ಮಾಡಿದ್ರು. ಆ ಕಡೆ ಸಹೋದ್ಯೋಗಿಯ ಕಾರಲ್ಲಿ ಒಂದು ಶುಕ್ರವಾರ ಹೋಗಿದ್ದೆ. ಬಿಳಿ ಬಿಸಿಲು, ಕಲ್ಲುಮಣ್ಣು, ಅದರ ಮಧ್ಯೆ ಹಸಿರು ಪಟ್ಟೆಗಳು. ನೋಡಿದ್ರೆ ಹೊಟ್ಟೆ ಉರಿಯುತ್ತೆ ಅನ್ನೋದು ಸುಳ್ಳಲ್ಲ. ಆದ್ರೆ ಹೊಲದ ಬದುವಿನಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ನೇರಳೆ ಬಣ್ಣದ ಪೈಪು. ಯಾಕೆ ಈ ಬಣ್ಣ ಅಂತ ಕೇಳಿದೆ. "ಅದು ಟೆಲ್ ಅವೀವ್ ಜನ ಸಂಡಾಸಿಗೆ ಬಿಟ್ಟ ನೀರು. ಕುಡೀಬೇಡ ಅಂತ ಗುರುತು," ಅಂದ. ಶಫ್ದಾನ್ ಅನ್ನೋ ಘಟಕದಲ್ಲಿ ಆ ಮಹಾನಗರದ ಕೊಳಚೆ ಶುದ್ಧ ಮಾಡಿ, ಮರಳಿನಲ್ಲಿ ಇಂಗಿಸಿ, ಮತ್ತೆ ಎತ್ತಿ ನೆಗೆವ್‌ಗೆ ಕಳಿಸ್ತಾರೆ. ದೇಶದ ಕೊಳಚೆ ನೀರಲ್ಲಿ ಹತ್ತಿರ ಹತ್ತಿರ ನೂರಕ್ಕೆ 90 ಪಾಲು ಹೊಲಕ್ಕೆ ಹೋಗುತ್ತೆ. ಬಳ್ಳಾರಿಯಲ್ಲಿ ಜೀನ್ಸ್ ತೊಳೆದ ನೀಲಿ ನೀರು ಎಲ್ಲಿಗೆ ಹೋಗುತ್ತೆ ಅಂತ ಆ ಸಭೆಯಲ್ಲಿ ಕೇಳಬೇಕಿತ್ತು. ಅಷ್ಟರಲ್ಲಿ ಚೀಟಿ ಬಂತು.

ಇದೆಲ್ಲ ಒಬ್ಬ ರೈತ ಬೆಳಿಗ್ಗೆ ಬೇಗ ಎದ್ದಿದ್ದಕ್ಕೆ ಆದದ್ದಲ್ಲ. 1959ರಲ್ಲಿ ಅವರು ಒಂದು ಕಾನೂನು ಮಾಡಿದ್ರು: ನೆಲದ ಮೇಲಿನ ನೀರು, ಒಳಗಿನ ನೀರು, ಚರಂಡಿ ನೀರು, ಎಲ್ಲಾ ಸಾರ್ವಜನಿಕ ಆಸ್ತಿ, ಸರ್ಕಾರದ ಹಿಡಿತದಲ್ಲಿ. ನಿನ್ನ ಹೊಲದಲ್ಲಿ ಬೋರು ಕೊರೀತೀಯಾ, ಆ ನೀರು ನಿಂದಲ್ಲ. ಕಿನ್ನೆರೆತ್‌ನಿಂದ ದಕ್ಷಿಣಕ್ಕೆ ನೀರು ಒಯ್ಯೋ ರಾಷ್ಟ್ರೀಯ ಕೊಳವೆ-ಕಾಲುವೆ 1964ರಲ್ಲಿ ಶುರುವಾಯ್ತು. ರೈತನಿಗೆ ವರ್ಷದ ಕೋಟಾ, ಅಳತೆಗೆ ಮೀಟರ್, ಘನ ಮೀಟರಿಗೆ ಇಷ್ಟು ಅಂತ ದರ. ನಮ್ಮಲ್ಲಿ ನೀರಿನ ಕಂದಾಯ ಎಕರೆ ಲೆಕ್ಕ, ಬೆಳೆ ಲೆಕ್ಕ. ಎಷ್ಟು ನೀರು ಹರೀತು ಅನ್ನೋದಕ್ಕೂ ಅದಕ್ಕೂ ಸಂಬಂಧ ಇಲ್ಲ. ಇಂಥ ಕಾನೂನನ್ನ ಬಳ್ಳಾರಿಯಲ್ಲಿ ತರ್ತೀನಿ ಅಂತ ಒಬ್ಬ ರಾಜಕಾರಣಿ ಮೈಕಿನಲ್ಲಿ ಹೇಳಲಿ ನೋಡೋಣ, ಚಪ್ಪಾಳೆ ಬರುತ್ತೋ ಚಪ್ಪಲಿ ಬರುತ್ತೋ.

ಇನ್ನು ದುಡಿಮೆ. ದಕ್ಷಿಣದ ಅರಾವಾ ಕಣಿವೆಯ ಹಸಿರುಮನೆಗಳಲ್ಲಿ ಡೊಣ್ಣೆ ಮೆಣಸಿನಕಾಯಿ ಬಿಡಿಸ್ತಾ ಇದ್ದವರನ್ನ ನೋಡಿದೆ. ಮುಖಕ್ಕೆ ಬಟ್ಟೆ ಸುತ್ಕೊಂಡು, ದೊಡ್ಡ ಟೋಪಿ. ಅವರು ಯಹೂದಿಗಳಲ್ಲ, ಥಾಯ್ಲೆಂಡಿನ ಹಳ್ಳಿಯವರು. ಸಾವಿರಾರು ಜನ ಇದ್ದಾರೆ, ಅಲ್ಲಿನ ಹೊಲದ ಕೂಲಿಯ ದೊಡ್ಡ ಭಾರ ಅವರ ಬೆನ್ನ ಮೇಲಿದೆ. ಅಧ್ಯಯನ ಪ್ರವಾಸದ ಫೋಟೊಗಳಲ್ಲಿ ಇವರು ಯಾಕೆ ಬರಲ್ಲ? ನಮ್ಮಲ್ಲಿ ನಾಟಿ ಹಚ್ಚೋ ಹೆಣ್ಣುಮಕ್ಕಳು ರೈತರ ದಿನಾಚರಣೆ ಫೋಟೊದಲ್ಲಿ ಯಾಕೆ ಬರಲ್ವೋ ಅದಕ್ಕೇ.

ಹೈಫಾಕ್ಕೆ ವಾಪಸ್ ಬರ್ತೀನಿ. ಬಂದರಿನ ಪಕ್ಕ ಒಂದು ಎತ್ತರದ ಕಟ್ಟಡ ಇದೆ, ಹೆಸರು ದಾಗೋನ್. ಆಫೀಸಿಗೆ ಹೋಗ್ತಾ ಬರ್ತಾ ದಿನಾ ನೋಡ್ತಿದ್ದೆ, ಏನೋ ಹಳೇ ಕೋಟೆ ಅನ್ಕೊಂಡಿದ್ದೆ. ಆಮೇಲೆ ಗೊತ್ತಾಯ್ತು ಅದು ಕಾಳಿನ ಕಣಜ. ಹಡಗಿನಲ್ಲಿ ಬಂದ ಗೋಧಿ, ಮೆಕ್ಕೆಜೋಳ ಇಳಿಸಿ ತುಂಬೋ ಜಾಗ. ಇಸ್ರೇಲ್ ತಾನು ತಿನ್ನೋ ಕಾಳಿನ ಬಹುಪಾಲನ್ನ ಹೊರಗಿನಿಂದ ಕೊಳ್ಳುತ್ತೆ. ಅಂಗಡಿಯಲ್ಲಿ ನಾನು ಕೊಂಡ ಅಕ್ಕಿಯಲ್ಲಿ ಒಂದು ಕಾಳೂ ಆ ನೆಲದ್ದಲ್ಲ, ಅಲ್ಲಿ ಭತ್ತ ಬೆಳೆಯೋದೇ ಇಲ್ಲ. ನೀರು ಕುಡಿಯೋ ಬೆಳೆ ಬೇರೆಯವರ ಹೊಲದಲ್ಲಿ, ರೊಕ್ಕ ತರೋ ಖರ್ಜೂರ, ಬೆಣ್ಣೆಹಣ್ಣು, ಮೆಣಸಿನಕಾಯಿ ತಮ್ಮ ಹೊಲದಲ್ಲಿ. ಅದು ಜಾಣತನವೇ, ನಾನು ತಪ್ಪು ಅನ್ನಲ್ಲ. ಆದ್ರೆ ಸಿರುಗುಪ್ಪ ಅಂದ್ರೆ ಅಕ್ಕಿ ಗಿರಣಿ. ಬೆಂಗಳೂರಿನವರು ತಿನ್ನೋ ಸೋನಾ ಮಸೂರಿ ನಮ್ಮ ಕಡೆಯಿಂದ ಹೋಗುತ್ತೆ. ನಾನು ಕೂತು ಒಂದು ಲೆಕ್ಕ ಹಾಕಿದೆ. ಒಂದು ಬೆಳೆ ಭತ್ತಕ್ಕೆ 1200 ಮಿಲಿಮೀಟರ್ ನೀರು ಅಂತ ಹಿಡಿದ್ರೆ ಎಕರೆಗೆ ಸುಮಾರು 48 ಲಕ್ಷ ಲೀಟರ್. ಅಜ್ಜಿಯ ಬಿಲ್ಲಿನ ಲೆಕ್ಕದಲ್ಲಿ 115 ಜನರ ಒಂದು ವರ್ಷದ ನೀರು. ಇದನ್ನ ಬೆಳೆದು ಕೊಟ್ಟವನನ್ನ ಅದನ್ನ ಉಂಡವನು ವೇದಿಕೆ ಮೇಲೆ ನಿಂತು ಸೋಮಾರಿ ಅಂತಾನೆ.

ಎಲ್ಲರೂ ಕೇಳೋದು "ಮೃತ ಸಮುದ್ರದಲ್ಲಿ ತೇಲಿದ್ಯಾ?" ಅಂತ. ತೇಲಿದೆ. ಪೇಪರ್ ಹಿಡ್ಕೊಂಡು ಫೋಟೊನೂ ತೆಗೆಸಿಕೊಂಡೆ. ಕಣ್ಣಿಗೆ ಒಂದು ಹನಿ ಬಿದ್ದು ಅರ್ಧ ಗಂಟೆ ಅಳ್ತಾ ಕೂತೆ, ಆ ಫೋಟೊ ಇಲ್ಲ. ಹೋಗೋ ದಾರಿಯಲ್ಲಿ ಐನ್ ಗೆದಿ ಅಂತ ಜಾಗ. ಅಲ್ಲಿನ ಬೀಚು 2015ರಲ್ಲೇ ಮುಚ್ಚಿದೆ, ಯಾಕಂದ್ರೆ ನೆಲ ಬಾಯಿ ಬಿಟ್ಟು ಕುಸೀತಿದೆ. ಮೃತ ಸಮುದ್ರ ವರ್ಷಕ್ಕೆ ಒಂದು ಮೀಟರಿಗಿಂತ ಹೆಚ್ಚು ಇಳೀತಿದೆ. ಅದಕ್ಕೆ ನೀರು ತರಬೇಕಾದ ಜೋರ್ಡಾನ್ ನದಿಯನ್ನ ಮೇಲೆ ಇಸ್ರೇಲ್, ಜೋರ್ಡಾನ್, ಸಿರಿಯಾ ಎಲ್ಲರೂ ಸೇರಿ ಎತ್ತಿಕೊಂಡ್ರು. ಕೆಳಗೆ ಎರಡೂ ದೇಶದ ಉಪ್ಪಿನ ಕಾರ್ಖಾನೆಗಳು ಉಳಿದ ನೀರನ್ನ ಆವಿ ಮಾಡ್ತವೆ.

ಹತ್ತಿರದಲ್ಲೇ ಕಸ್ರ್ ಅಲ್ ಯಹೂದ್, ಯೇಸುವಿಗೆ ದೀಕ್ಷಾಸ್ನಾನ ಆಯ್ತು ಅಂತ ನಂಬೋ ಜಾಗ. ಜಗತ್ತಿನ ಎಲ್ಲಾ ಕಡೆಯಿಂದ ಬಂದ ಭಕ್ತರು ಬಿಳಿ ಅಂಗಿ ತೊಟ್ಟು ಮುಳುಗ್ತಾರೆ. ಜೋರ್ಡಾನ್ ನದಿ ಅಂದ್ರೆ ನಾನು ತುಂಗಭದ್ರೆಯಷ್ಟು ಅಂದ್ಕೊಂಡಿದ್ದೆ. ನೋಡಿದ್ರೆ ಕಂದು ಬಣ್ಣದ ಸಣ್ಣ ಹಳ್ಳ. ಆಚೆ ದಡದಲ್ಲಿ ಜೋರ್ಡಾನ್ ದೇಶದ ಪೊಲೀಸಿನವನು ಕೆಮ್ಮಿದ್ರೆ ಈಚೆ ಕೇಳುತ್ತೆ. ನನ್ನ ಜೊತೆ ಬಂದಿದ್ದ ಉಡುಪಿಯ ಅಕ್ಕ ಕೈ ಮುಗಿದು, ಬಾಟಲಿಯಲ್ಲಿ ನೀರು ತುಂಬಿಕೊಂಡ್ರು. ನನಗೆ ಭಕ್ತಿ ಬರಲಿಲ್ಲ, ನಮ್ಮ ಹೊಲ ನೆನಪಾಯ್ತು. ಇದನ್ನ ನಾನು ಬಲ್ಲೆ. ಇದು ಕೊನೇ ಭಾಗ.

ನೀರಾವರಿ ಇಲಾಖೆ ಭಾಷೆಯಲ್ಲಿ ಟೇಲ್ ಎಂಡ್. ನಮ್ಮ ಹೊಲ ಬಲದಂಡೆ ಕೆಳಮಟ್ಟದ ಕಾಲುವೆ, ನಾವು ಎಲ್ಲೆಲ್ಸಿ ಅಂತೀವಲ್ಲ, ಅದರ ಒಂದು ಉಪಕಾಲುವೆಯ ಬಾಲದಲ್ಲಿದೆ. ಡ್ಯಾಮ್ ಕಟ್ಟಿದಾಗ ಇದು ಜೋಳ, ಹತ್ತಿ, ಶೇಂಗಾಕ್ಕೆ ಸ್ವಲ್ಪ ಸ್ವಲ್ಪ ನೀರು ಬಹಳ ಜನಕ್ಕೆ ಹಂಚೋ ಯೋಜನೆ. ಭತ್ತಕ್ಕೆ ಅಂತ ಗುರುತು ಮಾಡಿದ ಜಮೀನು ಕಡಿಮೆ. ಆಮೇಲೆ ಆಂಧ್ರದ ಕಡೆಯಿಂದ ಬಂದವರು ಕ್ಯಾಂಪ್ ಹಾಕಿದ್ರು, ಭತ್ತ ಮಾಡೋದು ತೋರಿಸಿದ್ರು, ನಮ್ಮವರೂ ಕಲಿತ್ರು. ತಪ್ಪು ಅವರದೊಂದೇ ಅನ್ನೋದು ಸುಳ್ಳು. ಭತ್ತಕ್ಕೆ ಗಿರಣಿ ಇತ್ತು, ಕೊಳ್ಳೋರಿದ್ರು, ಜೋಳಕ್ಕೆ ಯಾರಿದ್ರು? ಮೇಲಿನವರು ಗದ್ದೆ ತುಂಬಿಸಿದ ಮೇಲೆ ಕೆಳಗಿನವರಿಗೆ ಬರೋದು ಕಾಲುವೆಯ ಹಸಿ ಮಣ್ಣು. ಮೇಲೆ ನೀರು ಹೆಚ್ಚಾಗಿ ಎರಿ ಭೂಮಿ ಸವಳು-ಜವಳು, ಕೆಳಗೆ ಒಣ ಬಿರುಕು. 2018ರಲ್ಲಿ ಡ್ಯಾಮ್ ತುಂಬಿ ಹೊಳೆಗೇ ನೀರು ಬಿಟ್ರು, ಆಗಲೂ ನಮ್ಮ ತೂಬಿಗೆ ಬಂದದ್ದು ಎಂಟು ದಿನ ತಡವಾಗಿ, ಮೊಣಕಾಲಷ್ಟೂ ಇಲ್ಲ.

ಬೆತ್ಲೆಹೆಮ್‌ಗೂ ಹೋಗಿದ್ದೆ, ಅದನ್ನ ಸಭೆಯಲ್ಲಿ ಹೇಳೋ ಧೈರ್ಯ ನನಗೇ ಇರಲಿಲ್ಲ. ಜೆರುಸಲೇಮ್‌ನಿಂದ ಅರಬ್ ಬಸ್ಸಿನಲ್ಲಿ ಹತ್ತಿರದ ದಾರಿ, ಮಧ್ಯೆ ಗೋಡೆ, ತಪಾಸಣೆ. ಇತ್ತ ಹೈಫಾದಲ್ಲಿ ಮನೆ ಮೇಲೆ ಕಾಣೋದು ಬಿಸಿನೀರಿನ ಸೋಲಾರ್, ಬಿಳಿ ಸಿಲಿಂಡರು. ಅತ್ತ ಬೆತ್ಲೆಹೆಮ್‌ನ ಮನೆ ಮೇಲೆ ಸಾಲು ಸಾಲು ಕಪ್ಪು ಟ್ಯಾಂಕು. ಒಂದೊಂದು ಮನೆಗೆ ನಾಲ್ಕು, ಐದು. ಬಳ್ಳಾರಿಯವನಿಗೆ ಆ ಟ್ಯಾಂಕಿನ ಅರ್ಥ ಯಾರೂ ಹೇಳಿಕೊಡಬೇಕಿಲ್ಲ. ನಲ್ಲಿ ದಿನಾ ಬರಲ್ಲ, ಬಂದ ದಿನ ತುಂಬಿಕೋಬೇಕು. ನಮ್ಮಕ್ಕನ ಮನೆ ಬಳ್ಳಾರಿಯಲ್ಲಿ, ಬೇಸಿಗೆಯಲ್ಲಿ ಅವಳ ಮನೆಗೆ ವಾರಕ್ಕೊಮ್ಮೆ ನೀರು ಬಂದ್ರೆ ಹಬ್ಬ. 1967ರಿಂದ ಪಶ್ಚಿಮ ದಂಡೆಯ ನೀರಿನ ಹಿಡಿತ ಇಸ್ರೇಲಿನದು, ಯಾರಿಗೆ ಎಷ್ಟು ಅಂತ 1995ರ ಒಪ್ಪಂದದಲ್ಲಿ ಬರೆದಿದ್ರೂ ಮನೆ ಮೇಲಿನ ಟ್ಯಾಂಕು ಬೇರೇನೇ ಹೇಳುತ್ತೆ. ಗುಡ್ಡದ ಮೇಲಿನ ಯಹೂದಿ ಬಡಾವಣೆಗೆ ನಲ್ಲಿ ನಿಲ್ಲಲ್ಲ, ಕೆಳಗಿನ ಊರಿಗೆ ಪಾಳಿ. ಇದನ್ನ ಬರೆದ್ರೆ ಒಂದು ಗುಂಪು ನನ್ನನ್ನ ದೇಶದ್ರೋಹಿ ಅನ್ನುತ್ತೆ, ಯಾವ ದೇಶದ ದ್ರೋಹಿ ಅಂತ ಮಾತ್ರ ಕೇಳಬಾರದು. ನಾನು ಕಂಡದ್ದು ಹೇಳ್ತಿದ್ದೀನಿ. ಅವರ ಮೀಟರೂ ನೋಡಿದೆ, ಅವರ ಟ್ಯಾಂಕೂ ನೋಡಿದೆ. ಇಸ್ರೇಲ್ ಮಾದರಿ ಅಂದಾಗ ಎರಡೂ ಅದರೊಳಗೆ ಬರುತ್ತೆ.

ಈಗ ನಮ್ಮ ಸರ್ಕಾರದ ಮಾದರಿ. 2018ರ ಜುಲೈ 5ರ ಬಜೆಟ್‌ನಲ್ಲಿ ಆಗಿನ ಮುಖ್ಯಮಂತ್ರಿ ಎಚ್.ಡಿ. ಕುಮಾರಸ್ವಾಮಿ ಇಸ್ರೇಲ್ ಮಾದರಿ ಕೃಷಿಗೆ 150 ಕೋಟಿ ಇಟ್ಟರು. ಕೋಲಾರ, ಚಿತ್ರದುರ್ಗ, ಕೊಪ್ಪಳ, ಗದಗ, ಒಂದೊಂದು ಜಿಲ್ಲೆಯಲ್ಲಿ 5,000 ಹೆಕ್ಟೇರ್ ಒಣ ಭೂಮಿ. ಕಂಪ್ಲಿ ಸೇತುವೆ ದಾಟಿದ್ರೆ ಕೊಪ್ಪಳ ಜಿಲ್ಲೆ, ಹಾಗಾಗಿ ನಮ್ಮ ಕಡೆಯವರಿಗೂ ಆಸೆ ಇತ್ತು. ಉದ್ದೇಶ ಕೆಟ್ಟದ್ದಲ್ಲ. ಡ್ರಿಪ್ ಬೇಡ ಅಂತ ನಾನು ಹೇಳ್ತಿಲ್ಲ. ಬೋರ್‌ವೆಲ್ ಇದ್ದು ದಾಳಿಂಬೆ, ಮೆಣಸಿನಕಾಯಿ ಮಾಡೋರಿಗೆ ಅದು ವರ. ಆದ್ರೆ ಕಾಲುವೆ ನೀರಿನವನಿಗೆ? ಡ್ರಿಪ್‌ಗೆ ದಿನಾ ಸ್ವಲ್ಪ ನೀರು ಬೇಕು, ಒತ್ತಡ ಬೇಕು, ಕರೆಂಟು ಬೇಕು. ನಮಗೆ ಹತ್ತು ದಿನ ಬಂದು ಹತ್ತು ದಿನ ನಿಲ್ಲುತ್ತೆ, ಅದೂ ಬಂದ್ರೆ. ಮಧ್ಯೆ ಹಿಡಿದಿಡೋಕೆ ಹೊಂಡ ಬೇಕು, ಹೊಂಡಕ್ಕೆ ಅರ್ಧ ಎಕರೆ ಹೋಗುತ್ತೆ. ನಮ್ಮಪ್ಪ ಸಬ್ಸಿಡಿಯಲ್ಲಿ ಎರಡು ಎಕರೆಗೆ ಡ್ರಿಪ್ ಹಾಕಿಸಿದ್ರು. ನೂರಕ್ಕೆ ತೊಂಬತ್ತು ಸರ್ಕಾರ ಕೊಡುತ್ತೆ ಅಂದ್ರೆ ಯಾರು ಬಿಡ್ತಾರೆ? ಒಂದು ಬೆಳೆ ನಡೀತು. ಆಮೇಲೆ ಬೋರು ಬತ್ತಿತು, ಇಲಿ ಕಡೀತು, ಫಿಲ್ಟರ್ ಕಟ್ಟಿಕೊಂಡ್ತು. ಈಗ ಆ ಕಪ್ಪು ಲ್ಯಾಟರಲ್ ಪೈಪು ನಮ್ಮ ಅಂಗಳದಲ್ಲಿ ಎರಡು ಬೇವಿನ ಮರಕ್ಕೆ ಕಟ್ಟಿದೆ, ಅವ್ವ ಬಟ್ಟೆ ಒಣ ಹಾಕ್ತಾಳೆ. ಸರ್ಕಾರದ ಕಡತದಲ್ಲಿ ನಮ್ಮ ಹೊಲ ಇಂದಿಗೂ ಹನಿ ನೀರಾವರಿಯಲ್ಲೇ ಇದೆ.

ಇಲ್ಲಿಗೆ ನಿಲ್ಲಿಸಿದ್ರೆ ನಾನೂ ಆ ಭಾಷಣದವರ ಥರ ಆಗ್ತೀನಿ, ಬೇರೆಯವರ ತಪ್ಪು ಎಣಿಸಿ ಇಳಿದು ಹೋಗೋದು.

ನಮ್ಮ ಸೋದರಮಾವ ಕುರುಗೋಡು ಕಡೆ ಇದ್ದಾರೆ. ಅವರ ಹೊಲ ಕಾಲುವೆಯ ಮೇಲ್ಭಾಗದಲ್ಲಿದೆ. ವರ್ಷಕ್ಕೆ ಎರಡು ಬೆಳೆ ಭತ್ತ. ಭತ್ತದ ಗುರುತಿಲ್ಲದ ಜಮೀನು, ಕಾಲುವೆಗೆ ಮೋಟಾರ್ ಇಟ್ಟು ಎತ್ತುತ್ತಾರೆ. ರಾತ್ರಿ ಎರಡು ಗಂಟೆಗೆ ಕರೆಂಟ್ ಬಂದಾಗ ಎದ್ದು ಹೋಗ್ತಾರೆ. ಸೋಮಾರಿ ಅಂತ ಅವರನ್ನ ಕರೆದವನ ಹಲ್ಲು ಉಳಿಯಲ್ಲ. ಎಪ್ಪತ್ತು ಕಿಲೋ ಚೀಲ ಹೊತ್ತು ಹೊತ್ತು ಅವರ ಒಂದು ಭುಜ ಇಳಿದಿದೆ. ಬಿಇ ಸೀಟು ಸಿಕ್ಕಾಗ ನಮ್ಮ ಮನೆಯಲ್ಲಿ ರೊಕ್ಕ ಇರಲಿಲ್ಲ, ಆ ವರ್ಷ ನಮಗೆ ನೀರೇ ಬಂದಿರಲಿಲ್ಲ. ನಾಲ್ಕು ವರ್ಷದ ಫೀಸು ಕಟ್ಟಿದ್ದು ಮಾವ. ಭತ್ತದ ಲಾರಿ ಗಿರಣಿಗೆ ಹೋದ ಮರುದಿನ ಬಂದು ಅವ್ವನ ಕೈಗೆ ರೊಕ್ಕ ಕೊಡೋರು, ಎಣಿಸೋಕೂ ಬಿಡ್ತಿರಲಿಲ್ಲ.

ನಾನು ಇಂಜಿನಿಯರ್ ಆಗಿದ್ದು ನಮ್ಮಪ್ಪನ ಹೊಲಕ್ಕೆ ಬರಬೇಕಿದ್ದ ನೀರಿನಿಂದ ಅಂತ ನನಗೆ ಹೊಳೆದದ್ದು ಜೋರ್ಡಾನ್ ದಡದಲ್ಲಿ. ಅದಕ್ಕೆ ಮುಂಚೆ ಹೊಳೆದಿರಲಿಲ್ಲ ಅಂದ್ರೆ ನಂಬ್ರಿ. ಅಪ್ಪನಿಗೆ ಗೊತ್ತಿತ್ತಾ? ಗೊತ್ತಿತ್ತು. ಮಾವನಿಗೆ? ಅವರಿಗೂ ಗೊತ್ತಿತ್ತು. ಹಬ್ಬಕ್ಕೆ ಇಬ್ಬರೂ ಒಂದೇ ಪಂಕ್ತಿಯಲ್ಲಿ ಕೂತು ಉಣ್ತಾರೆ.

ಕುರುಗೋಡಿಗೆ ಹೋಗಿ ಮಾವನನ್ನೇ ಕೇಳಿದೆ. ದೊಡ್ಡ ಬಸವಣ್ಣನ ಗುಡಿಗೆ ಹೋಗಿ ಬರ್ತಾ ದಾರಿಯಲ್ಲಿ, ಬೈಕ್ ಮೇಲೆ, ಮುಖ ನೋಡಿ ಕೇಳೋ ಧೈರ್ಯ ಇರಲಿಲ್ಲ. "ಮಾವ, ಕಾಲುವೆ ತೂಬಿಗೆಲ್ಲ ಮೀಟರ್ ಕೂರಿಸ್ತಾರೆ ಅಂದ್ರೆ ನೀವು ಒಪ್ತೀರಾ?"

ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಅಂದ್ರು: "ಒಪ್ಪತೀನಿ ಅಳಿಯಾ. ನನಗೊಬ್ಬನಿಗೇ ಕೂರಿಸಂಗಿಲ್ಲ ಮತ್ತ. ನನ್ನ ಮ್ಯಾಲಿನ ಐವತ್ತೆಕರೆ ಧಣಿ ಅದಾನಲ್ಲ, ಅವನಿಗೂ ಕೂರಿಸಬೇಕು. ಜ್ವಾಳಕ್ಕ ನೆಲ್ಲಿನ ರೇಟ್ ಕೊಡ್ತೀನಿ ಅಂತ ಬರದ್ ಕೊಡಬೇಕು. ಕೊಡ್ತಾರೇನು ಕೇಳು."

ನಾನು ಕೇಳ್ತಿರೋದು ಅದನ್ನೇ. ಪೈಪಿಗೆ 150 ಕೋಟಿ ಇಟ್ಟಿದ್ರು. ಉಪಕಾಲುವೆಗಳ ಬಾಯಲ್ಲಿ ಅಳತೆಯ ಯಂತ್ರ ಕೂರಿಸೋಕೆ ಎಷ್ಟಿದೆ? ಡ್ಯಾಮಿನ ಮಟ್ಟ ದಿನಾ ಪೇಪರಿನಲ್ಲಿ ಹಾಕ್ತೀರಿ, ಒಂದೊಂದು ತೂಬಿನಲ್ಲಿ ಇವತ್ತು ಎಷ್ಟು ಹರೀತು ಅಂತ ಯಾಕೆ ಹಾಕಲ್ಲ? ನಾನು ಸಾಫ್ಟ್‌ವೇರಿನವನು, ಆ ಲೆಕ್ಕವನ್ನ ಪ್ರತಿ ಊರಿನ ಮೊಬೈಲಿಗೆ ಕಳಿಸೋ ಪ್ರೋಗ್ರಾಂ ಒಂದು ತಿಂಗಳಲ್ಲಿ ಬರೆದು ಪುಕ್ಕಟೆ ಕೊಡ್ತೀನಿ. ಪ್ರೋಗ್ರಾಂ ಸಮಸ್ಯೆಯೇ ಅಲ್ಲ. ಆ ಸಂಖ್ಯೆ ಹೊರಗೆ ಬಂದ್ರೆ ಐವತ್ತೆಕರೆ ಧಣಿ ಯಾರು ಅಂತ ಗೊತ್ತಾಗುತ್ತೆ, ಆ ಧಣಿ ಯಾವ ವೇದಿಕೆಯ ಮೊದಲ ಸಾಲಿನಲ್ಲಿ ಕೂರ್ತಾನೆ ಅಂತಲೂ ಗೊತ್ತಾಗುತ್ತೆ. ನೀರು ಬಿಡೋ ಮುಂಚೆ ನಡೆಯೋ ಸಲಹಾ ಸಮಿತಿ ಸಭೆಯಲ್ಲಿ ಶಾಸಕರು, ಮಂತ್ರಿಗಳು ಯಾವ ಕಾಲುವೆಗೆ ಎಷ್ಟು ಕ್ಯೂಸೆಕ್ ಅಂತ ಜಗಳ ಆಡ್ತಾರೆ. ಆ ಕಾಲುವೆಯೊಳಗೆ ಯಾರಿಗೆ ಎಷ್ಟು ಅನ್ನೋದಕ್ಕೆ ಜಗಳ ಆಡೋರು ನಮ್ಮಪ್ಪನಂಥವರು ಮಾತ್ರ, ಅದೂ ರಾತ್ರಿ ಹೊತ್ತು, ಸನಿಕೆ ಹಿಡ್ಕೊಂಡು.

ಸಭೆ ಮುಗಿದ ಮೇಲೆ ಅಪ್ಪ ಶಾಲನ್ನ ಮಡಚಿ ಚೀಲಕ್ಕೆ ಹಾಕ್ಕೊಂಡ್ರು. ಗಡಿಗಿ ಚೆನ್ನಪ್ಪ ವೃತ್ತದ ಹತ್ತಿರ ಒಗ್ಗರಣೆ-ಮಿರ್ಚಿ ತಿಂದ್ವಿ. ಬಸ್ಸಿನಲ್ಲಿ ಊರಿಗೆ ಹೊರಟಾಗ ಕಿಟಕಿ ಕಡೆ ಕೂತು ದಾರಿಯುದ್ದಕ್ಕೂ ಕಾಲುವೆ ಕಂಡಲ್ಲೆಲ್ಲ ನೀರು ಎಷ್ಟಿದೆ ಅಂತ ಇಣುಕಿ ನೋಡ್ತಿದ್ರು. ನಮ್ಮೂರ ಸೇತುವೆ ಹತ್ತಿರ ಇಳಿದ್ವಿ. ಸೇತುವೆ ಗೋಡೆಗೆ ಇಲಾಖೆಯವರು ಯಾವ ಕಾಲದಲ್ಲೋ ಅಡಿ-ಅಂಗುಲದ ಗೇಜು ಬರೆದಿದ್ದಾರೆ, ಬಣ್ಣ ಹೋಗಿ ಈಗ ಮೂರು ಅನ್ನೋ ಅಂಕಿ ಮಾತ್ರ ಕಾಣುತ್ತೆ. ಅಪ್ಪ ಪಂಚೆ ಎತ್ತಿ ಕಟ್ಟಿ, ಬೇಲಿಯಿಂದ ಒಂದು ಜಾಲಿ ಕೋಲು ಕಿತ್ತು, ಕಾಲುವೆಗೆ ಇಳಿಸಿ ಎತ್ತಿದ್ರು. ಒದ್ದೆಯಾದ ಕಡೆಗೆ ಉಗುರಿನಿಂದ ಗುರುತು ಹಾಕಿದ್ರು.

"ಒಂದು ಗೇಣು ನಾಲ್ಕು ಬಟ್ಟು," ಅಂದ್ರು. "ಬರಕೋ."

ಫೋನ್ ತೆಗೆದು ಬರ್ಕೊಂಡೆ.